ಎರಡು ಹಾಳೆಯ ಸಿಟ್ಟನ್ನು ಓದಿದ ಮೇಲೆ

ಚಿರಂಜೀವಿ ಪುಟ್ಟಣ್ಣನಿಗೆ ನಿನ್ನ ದೊಡ್ಡಪ್ಪ ಮಾಡುವ ಅನೇಕ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಬೇಕು.

ಹೋದ ವಾರ ನೀನು ಓದಲು ಕೊಟ್ಟುಹೋದ ಎರಡು ಹಾಳೆಗಳನ್ನು ಮೂರು ಸಲ ಓದಿದೆ. ‘ಗೇಮ್ ಆಫ್ ಥ್ರೋನ್ಸ್’ ಟೀವಿ ಸರಣಿಯ ಕೊನೆಯ ಸೀಸನ್ನಿನ ಬಗ್ಗೆ ಅದರ ಬರಹಗಾರರಿಗೆ ಕಳುಹಿಸಬೇಕೆಂದು ನೀನು ಬರೆದಿಟ್ಟಿರುವ ಪತ್ರದ ತುಂಬ ಸಿಟ್ಟಿದೆ. ಆ ಸಿಟ್ಟಿನ ಬುಡದಲ್ಲಿ ಪ್ರೀತಿಯಿರುವುದೂ ನನಗೆ ಕಾಣುತ್ತದೆ, ಏಕೆಂದರೆ 73 ಕಂತುಗಳನ್ನೂ ಬಿಡದೆ ನೋಡಿದವನಿಗಲ್ಲದೆ ಬೇರೆ ಯಾರಿಗೂ ಅಷ್ಟು ನೋವಾಗುವುದಿಲ್ಲ. ಆದರೆ ‘ಇವರಿಗೆ ಬರೆಯಲು ಬರುವುದಿಲ್ಲ, ಇಡೀ ಸೀಸನ್ನನ್ನು ಹೊಸದಾಗಿ ಮಾಡಬೇಕು’ ಎಂದು ಹೇಳಿ ನೀನು ಪತ್ರ ಮುಗಿಸಿದ್ದೀಯೆ. ಇದೇ ಬೇಡಿಕೆಯ ಮನವಿಗೆ 2019ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದರು. ಅದರಿಂದ ಒಂದು ದೃಶ್ಯವೂ ಬದಲಾಗಲಿಲ್ಲ, ಬದಲಾಗದೆ ಉಳಿದದ್ದೇ ಸರಿಯೆಂದು ನಾನು ನಂಬಿದ್ದೇನೆ.

1988ರಲ್ಲಿ ಚಿತ್ರಕಥೆಯ ಪುಸ್ತಕಗಳನ್ನು ಪ್ರಕಟಿಸುವ ಅಮೆರಿಕದ ಡಿಸಿ ಕಾಮಿಕ್ಸ್‌ನವರು ಒಂದು ಕಥೆಯ ತೀರ್ಮಾನವನ್ನು ನಿಜವಾಗಿಯೂ ಓದುಗರ ಕೈಗೆ ಕೊಟ್ಟರು. ಬ್ಯಾಟ್‌ಮನ್ನನ ಜೊತೆಗಾರನಾಗಿದ್ದ ಎರಡನೆಯ ರಾಬಿನ್, ಅಂದರೆ ಜೇಸನ್ ಟಾಡ್ ಎಂಬ ಹುಡುಗ, ಬಹಳ ಮಂದಿ ಅಭಿಮಾನಿಗಳಿಗೆ ಹಿಡಿಸಿರಲಿಲ್ಲ. ‘ಬ್ಯಾಟ್‌ಮನ್’ 427ನೆಯ ಸಂಚಿಕೆಯಲ್ಲಿ ಖಳನಾಯಕ ಜೋಕರ್ ಅವನನ್ನು ಕಬ್ಬಿಣದ ಸಲಾಕೆಯಿಂದ ಬಡಿಯುತ್ತಾನೆ, ಹುಡುಗನಿದ್ದ ಉಗ್ರಾಣ ಸ್ಫೋಟಗೊಳ್ಳುತ್ತದೆ, ಕಥೆ ಅಲ್ಲಿಗೆ ನಿಲ್ಲುತ್ತದೆ. ಅವನು ಬದುಕಬೇಕೆನ್ನುವವರಿಗೆ ಒಂದು ಫೋನ್ ನಂಬರು, ಸಾಯಬೇಕೆನ್ನುವವರಿಗೆ ಇನ್ನೊಂದು, ಕರೆಯೊಂದಕ್ಕೆ 50 ಸೆಂಟ್. ಸಾಯಲಿ ಎಂದು 5,343 ಕರೆಗಳು ಬಂದವು, ಬದುಕಲಿ ಎಂದು 5,271. ಚಿತ್ರಕಾರ ಜಿಮ್ ಅಪಾರೊ ಎರಡೂ ಬಗೆಯ ಪುಟಗಳನ್ನು ಬರೆದಿಟ್ಟಿದ್ದರು. ಅಚ್ಚಿಗೆ ಹೋದದ್ದು ಬ್ಯಾಟ್‌ಮನ್ ಹುಡುಗನ ಹೆಣವನ್ನು ತೋಳಿನಲ್ಲಿ ಎತ್ತಿಕೊಂಡು ಬರುವ ಚಿತ್ರ. 2005ರಲ್ಲಿ ಬೇರೆ ಲೇಖಕರು ಅದೇ ಹುಡುಗನನ್ನು ಕಥೆಯೊಳಕ್ಕೆ ಮತ್ತೆ ಬದುಕಿಸಿ ತಂದರು.

ಆ 72 ಕರೆಗಳ ಅಂತರವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಬ್ಬನೇ ಹತ್ತು ಸಲ ಕರೆ ಮಾಡಿದರೂ ತಡೆಯುವವರಿರಲಿಲ್ಲವಾದ್ದರಿಂದ ಅದನ್ನು ಬಹುಮತವೆಂದು ಕರೆಯಲೂ ಬರುವುದಿಲ್ಲ. ಪಾತ್ರವೊಂದು ಸಾಯುವುದಾದರೆ ಅದರ ಸಾವು ಕಥೆಯ ಒಳಗಿನಿಂದ ಬರಬೇಕು. ಅದು ಹೇಗೆ ಬರುತ್ತದೆಂಬ ಹೊಣೆಯನ್ನು ಒಬ್ಬ ಬರಹಗಾರ ಹೊತ್ತಿರಬೇಕು. ಹೊಣೆ ಹೊತ್ತವನನ್ನು ನೀನು ಪ್ರಶ್ನಿಸಬಹುದು, ಎಷ್ಟು ಕಟುವಾಗಿಯಾದರೂ ಪ್ರಶ್ನಿಸಬಹುದು, ಆದರೆ ಅವನ ಕೈಯಿಂದ ಲೇಖನಿ ಕಿತ್ತುಕೊಳ್ಳುವುದು ನಿನ್ನ ಕೆಲಸವಲ್ಲ.

ಹಾಗಾದರೆ ಪತ್ರವನ್ನೇ ಬರೆಯಬಾರದೇ ಎಂದು ಕೇಳುತ್ತೀಯೆ. ಖಂಡಿತ ಬರೆಯಬೇಕು. 1967–68ರಲ್ಲಿ ‘ಸ್ಟಾರ್ ಟ್ರೆಕ್’ ಟೀವಿ ಸರಣಿ ನಿಂತುಹೋಗುವ ಸುದ್ದಿ ಹಬ್ಬಿದಾಗ ಬ್ಜೋ ಟ್ರಿಂಬಲ್ ಮತ್ತು ಅವರ ಪತಿ ಜಾನ್ ಮುಂದೆ ನಿಂತು ಅಭಿಮಾನಿಗಳಿಂದ ಎನ್‌ಬಿಸಿ ವಾಹಿನಿಗೆ ಪತ್ರ ಬರೆಸಿದ್ದರು, ಮೂರನೆಯ ಸೀಸನ್ ಬಂತು. ಅವರು ಬೇಡಿದ್ದು ಕಥೆ ಮುಂದುವರಿಯಲಿ ಎಂಬುದನ್ನಷ್ಟೇ.

ಈಗ ನಿನ್ನ ದೂರಿನ ವಿಷಯಕ್ಕೆ ಬರುತ್ತೇನೆ. ಕೊನೆಯ ಸೀಸನ್ನಿನ ಐದನೆಯ ಕಂತಿನಲ್ಲಿ ಶರಣಾಗತಿಯ ಗಂಟೆಗಳು ಮೊಳಗುತ್ತವೆ. ಸಿಂಹಾಸನಕ್ಕಾಗಿ ಹೋರಾಡುತ್ತಿರುವ ರಾಣಿ ಡೇನೇರಿಸ್ ಡ್ರ್ಯಾಗನ್ನಿನ ಬೆನ್ನೇರಿ ಕೋಟೆಗೋಡೆಯ ಮೇಲಿದ್ದಾಳೆ, ದೂರದ ಅರಮನೆಯನ್ನು ನೋಡುತ್ತ ಏದುಸಿರು ಬಿಡುತ್ತಿದ್ದಾಳೆ, ಬಾಯಲ್ಲಿ ಒಂದು ಮಾತೂ ಇಲ್ಲ. ಆಮೇಲೆ ಊರಿಗೆ ಊರೇ ಸುಡುತ್ತದೆ. ‘ಇದು ಅವಳ ಸ್ವಭಾವವೇ ಅಲ್ಲ’ ಎಂದು ಬರೆದಿದ್ದೀಯಲ್ಲ, ನಾಲ್ಕನೆಯ ಸೀಸನ್ನಿನಲ್ಲಿ ಗುಲಾಮರನ್ನಿಟ್ಟುಕೊಂಡಿದ್ದ 163 ಒಡೆಯರನ್ನು ಶಿಲುಬೆಗೇರಿಸಿದವಳೂ, ಏಳನೆಯದರಲ್ಲಿ ಸೆರೆಸಿಕ್ಕ ಟಾರ್ಲಿ ತಂದೆಮಗನನ್ನು ಬೆಂಕಿಗೆ ಕೊಟ್ಟವಳೂ ಅವಳೇ ತಾನೆ? ಬೀಜ ಬಿತ್ತಿದ್ದರು, ಬೆಳೆಯಲು ಕಾಲ ಕೊಡಲಿಲ್ಲ ಎಂದು ನನಗೆ ತೋರುತ್ತದೆ. ಮೊದಲ ಆರು ಸೀಸನ್‌ಗಳಲ್ಲಿ ತಲಾ ಹತ್ತು ಕಂತುಗಳಿದ್ದವು, ಏಳನೆಯದರಲ್ಲಿ ಏಳು, ಎಂಟನೆಯದರಲ್ಲಿ ಆರು. ಗಂಟೆಗೂ ಬೆಂಕಿಗೂ ನಡುವೆ ಆ ಹೆಣ್ಣಿನ ಮನಸ್ಸಿನಲ್ಲಿ ಏನು ನಡೆಯಿತೆಂದು ತೋರಿಸದೆ ಹೋದದ್ದು ಆ ಅವಸರದ ಫಲವಿರಬಹುದೇ ಎಂದು ನೀನು ಕೇಳಿದರೆ, ಬರೆದವರು ಉತ್ತರ ಹುಡುಕಬೇಕಾಗುತ್ತದೆ. ‘ಬರೆಯಲು ಬರುವುದಿಲ್ಲ’ ಎಂಬ ಬೈಗುಳಕ್ಕೆ ಉತ್ತರವೇ ಬೇಕಾಗಿಲ್ಲ.

ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನ ಓದುಗರು 1973ರಲ್ಲಿ ಇಂಥ ಪ್ರಶ್ನೆಯನ್ನೇ ಕೇಳಿದ್ದರು. 121ನೆಯ ಸಂಚಿಕೆಯಲ್ಲಿ ಸೇತುವೆಯ ಮೇಲಿಂದ ಬೀಳುತ್ತಿರುವ, ನಾಯಕನ ಪ್ರೇಯಸಿ ಗ್ವೆನ್ ಸ್ಟೇಸಿಯ ಕಾಲಿಗೆ ಅವನ ಬಲೆಯ ಎಳೆ ಸಿಕ್ಕುವ ಚಿತ್ರವಿದೆ. ಅವಳ ಕುತ್ತಿಗೆಯ ಪಕ್ಕದಲ್ಲಿ ‘ಸ್ನ್ಯಾಪ್’ ಎಂಬ ಶಬ್ದ ಸಣ್ಣ ಅಕ್ಷರಗಳಲ್ಲಿದೆ. ಅವಳನ್ನು ಕೊಂದದ್ದು ಬೀಳುವಿಕೆಯೋ, ಕಾಪಾಡಲು ಹೋದವನ ಬಲೆಯೋ? ಓದುಗರು ಆ ಒಂದು ಅಂಗುಲದ ಶಬ್ದವನ್ನು ಗಮನಿಸಿ ವಾದಿಸಿದರು. 125ನೆಯ ಸಂಚಿಕೆಯ ಓದುಗರ ಪತ್ರಗಳ ಪುಟದಲ್ಲಿ, ಬಲೆ ತಟ್ಟನೆ ತಡೆದ ರಭಸಕ್ಕೇ ಅವಳ ಕತ್ತು ಮುರಿಯಿತೆಂದು ಸಂಪಾದಕರ ಕಡೆಯಿಂದ ಒಪ್ಪಿಗೆಯ ಉತ್ತರ ಬಂತು. ಅಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣು ನಿನಗೂ ಇದೆಯೆಂದು ಬಲ್ಲೆನಾದ್ದರಿಂದಲೇ ಇಷ್ಟು ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ಎರಡನೆಯ ಹಾಳೆಯಲ್ಲಿ ನಟಿಯ ಬಗ್ಗೆ ಬರೆದಿರುವ ಮೂರು ಸಾಲುಗಳನ್ನು ದಯವಿಟ್ಟು ಹೊಡೆದುಹಾಕು. ‘ಬ್ರೇಕಿಂಗ್ ಬ್ಯಾಡ್’ ಸರಣಿಯಲ್ಲಿ ನಾಯಕನ ಹೆಂಡತಿ ಸ್ಕೈಲರ್ ಆಗಿ ನಟಿಸಿದ ಆನಾ ಗನ್, ಆ ಪಾತ್ರದ ಮೇಲಿನ ದ್ವೇಷ ತನ್ನ ಮೇಲೆಯೇ ಹರಿದುಬಂದು ಭಯ ಹುಟ್ಟಿಸಿದ್ದನ್ನು 2013ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆದುಕೊಂಡರು. ನಮ್ಮ ಮನೆಯ ಹುಡುಗನ ಕೈಯಿಂದ ಅಂಥ ಸಾಲು ಹೊರಗೆ ಹೋಗುವುದನ್ನು ನಾನು ಸಹಿಸಲಾರೆ.

ಹಬ್ಬಕ್ಕೆ ಬರುವಾಗ ಹೊಸದಾಗಿ ಬರೆದ ಪತ್ರವನ್ನು ತೆಗೆದುಕೊಂಡು ಬಾ. ಅಷ್ಟರೊಳಗೆ ನಾನು ಐದನೆಯ ಕಂತನ್ನು ಇನ್ನೊಮ್ಮೆ ನೋಡಿಟ್ಟಿರುತ್ತೇನೆ. ಆ ಗಂಟೆಯ ದೃಶ್ಯದ ವಿಚಾರದಲ್ಲಿ ನೀನು ನನ್ನ ಮಾತನ್ನು ಒಪ್ಪದಿದ್ದರೆ, ಯಾವ ಕಂತಿನ ಯಾವ ದೃಶ್ಯದ ಬಲದಿಂದ ಒಪ್ಪುವುದಿಲ್ಲವೆಂಬುದನ್ನು ಗುರುತು ಹಾಕಿಕೊಂಡು ಬಾ.

ಇತಿ,
ನಿನ್ನ ದೊಡ್ಡಪ್ಪ