ಕಿತ್ತ ಪರ್ಸಿ ಒಡೆಯಬೇಡಿ, ಪೇರಿಸಿಡಿ

ಮಾನ್ಯರೇ,

ಗಟಾರ ಅಗಲ ಮಾಡಲು ನಮ್ಮ ಓಣಿಯ ಮನೆಗಳ ಮುಂದೆ ಹಾಸಿದ್ದ ಪರ್ಸಿಯನ್ನೆಲ್ಲ (ಶಹಾಬಾದ್ ಚಪ್ಪಡಿ ಕಲ್ಲು) ಜೆಸಿಬಿಯಿಂದ ಕಿತ್ತು, ಮಣ್ಣಿನ ಜತೆಗೇ ಟ್ರ್ಯಾಕ್ಟರಿಗೆ ತುಂಬಿ ತಗ್ಗಿಗೆ ಸುರಿದರು. ಗಟ್ಟಿಮುಟ್ಟಾದ ಕಲ್ಲು ಎಷ್ಟೋ ಇದ್ದವು. ಇಂಥ ಕೆಲಸ ಮಾಡಿಸುವವರು ಪರ್ಸಿಯನ್ನು ಹಾರೆಯಿಂದ ಎಬ್ಬಿಸಿ ಓಣಿಯ ಒಂದು ಬದಿಗೆ ಪೇರಿಸಿಡಲಿ. ಬೇಕಾದವರು ಒಯ್ಯುತ್ತಾರೆ, ಟ್ರ್ಯಾಕ್ಟರ್ ಬಾಡಿಗೆಯೂ ಉಳಿಯುತ್ತದೆ. ನಾನು ಹಾಗೆ ಸುರಿದದ್ದರಲ್ಲಿ ಆರಿಸಿ ತಂದ ಕಲ್ಲಿನಿಂದಲೇ ಗೇಟಿನಿಂದ ಹಿತ್ತಲ ನಲ್ಲಿಯವರೆಗಿನ ದಾರಿಯನ್ನು ಮತ್ತೆ ಹಾಸಿದ್ದೇನೆ.

'ಯಾಕ್ರೀ ಕಾಕಾ, ಗೌಂಡಿ ಸಿಗಲಿಲ್ಲೇನ್ರಿ?' ಎಂದು ಎದುರು ಮನೆಯ ಹುಡುಗ ಕೇಳಿದ. ಸಿಕ್ಕಿದ್ದರು. ಆದರೆ ಬಂದವರದೆಲ್ಲ ಒಂದೇ ಮಾತು: 'ಪರ್ಸಿ ಯಾಕ್ರಿ, ಕಾಂಕ್ರೀಟ್ ಹಾಕಿಬಿಡ್ರಿ.' ಶಹಾಬಾದ್, ಚಿತ್ತಾಪುರ, ವಾಡಿ ಸುತ್ತಿನ ಗಣಿಗಳಿಂದ ಊರೂರಿಗೆ ಹೋಗುವ ಕಲ್ಲು ನಮಗೇ ಬೇಡವಾಗಿದೆ!

ಪರ್ಸಿ ಏಳುತ್ತದೆ, ಅಲುಗಾಡುತ್ತದೆ ಎನ್ನುವುದು ಸುಳ್ಳಲ್ಲ. ಅದು ಕೆಳಗಿನ ಎರೆಮಣ್ಣಿನ ಕಿತಾಪತಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ನಮ್ಮ ಹಳೆಯ ದಾರಿಯ ಒಂದು ಕಲ್ಲನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿದಾಗಲೇ ಟೊಳ್ಳು ಸದ್ದು ಬಂತು. ಎತ್ತಿದರೆ ನಡುವೆ ಒಂದು ಹೆಂಟೆ ಸಿಮೆಂಟು, ಅದರ ಸುತ್ತ ಬೆರಳು ತೂರುವಷ್ಟು ಬಿರುಕು, ಮೂಲೆಯಲ್ಲಿ ಕೆಂಪಿರುವೆಯ ಗೂಡು. ಹೀಗೆ ಗಾಳಿಯ ಮೇಲೆ ಕೂತ ಕಲ್ಲು ತುಳಿದರೆ ಒಡೆಯದೆ ಇನ್ನೇನಾದೀತು?

ರೈಲ್ವೆ ಹಳಿಯ ಮೇಲೆ ನೌಕರಿ ಮಾಡಿದವನಿಗೆ ಇದು ಹೊಸದಲ್ಲ. ಅಡಿಯಲ್ಲಿ ನೀರು ನಿಂತರೆ ಹಳಿಯೂ ಕುಸಿಯುತ್ತದೆ. ಎರೆಮಣ್ಣನ್ನು 8 ಇಂಚು ತೆಗೆದು ಗಿಡಗಳ ಬುಡಕ್ಕೆ ಹಾಕಿದೆ. ಗರಸನ್ನು (ಹರಳು ಬೆರೆತ ಗಟ್ಟಿ ಮಣ್ಣು) ಎರಡು ಪದರಾಗಿ ತುಂಬಿ, ಪ್ರತಿ ಪದರಿಗೂ ನೀರು ಚಿಮುಕಿಸಿ ದಮ್ಮಸು ಮಾಡಿದೆ. ಮೇಲೆ 2 ಇಂಚು ಜಲ್ಲಿ ಕ್ರಷರ್‌ನ ಕಲ್ಲುಪುಡಿ, ಅದರ ಮೇಲೆ ಪರ್ಸಿ. ದಾರ ಕಟ್ಟಿ, ರಸಮಟ್ಟ ಇಟ್ಟು, 4 ಅಡಿಗೆ 1 ಇಂಚಿನಂತೆ ಗೋಡೆಯಿಂದ ದೂರಕ್ಕೆ ಇಳಿಜಾರು ಕೊಟ್ಟೆ. ಸಂದಿಗೆ ಸಿಮೆಂಟು ಬಳಿಯಲಿಲ್ಲ, ಅದೇ ಪುಡಿಯನ್ನು ಗುಡಿಸಿ ತುಂಬಿದೆ. ಮುಂದೆ ಯಾವುದಾದರೂ ಕಲ್ಲು ಕೂತರೆ ಅದೊಂದನ್ನೇ ಎತ್ತಿ ಸರಿಮಾಡಬಹುದು. ಕಾಂಕ್ರೀಟು ಬಿರಿದರೆ ಹಾಗೆ ಮಾಡಲು ಬರುವುದಿಲ್ಲ.

ಮಾಡುವವರಿದ್ದರೆ ದೀಪಾವಳಿ ಕಳೆದ ಮೇಲೆ ಶುರುಮಾಡಿ, ಮಣ್ಣು ಹದವಾಗಿರುತ್ತದೆ. ಏಪ್ರಿಲ್‌ನಲ್ಲಿ ಗುದ್ದಲಿ ಇಳಿಯುವುದಿಲ್ಲ, ಆಷಾಢದಲ್ಲಿ ಮೆತ್ತಿಕೊಂಡು ಬಿಡುವುದಿಲ್ಲ. 2 ಅಡಿ ಚೌಕದ, ಒಂದೂವರೆ ಇಂಚು ದಪ್ಪದ ಪರ್ಸಿ 35 ಕೆ.ಜಿ.ಗಿಂತ ಕಡಿಮೆ ತೂಗುವುದಿಲ್ಲ. ವಯಸ್ಸಾದವರು ಎತ್ತಲು ಹೋಗದೆ, ನಿಲ್ಲಿಸಿ ಒಂದೊಂದೇ ಮೂಲೆ ಸರಿಸುತ್ತ ನಡೆಸಿಕೊಂಡು ಹೋಗಿ.

ಇನ್ನೊಂದು ಮಾತು. ಕಲೆ ಹೋಗಲೆಂದು ಬಚ್ಚಲಿನ ಆ್ಯಸಿಡ್ ಸುರಿಯುವ ಚಾಳಿ ನಮ್ಮಲ್ಲಿ ಬಹಳ. ಪರ್ಸಿ ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದಲ್ಲಿ ಚುರ್ರೆಂದು ನೊರೆ ಎದ್ದು ಮೈ ತರಿತರಿಯಾಗುತ್ತದೆ. ಸಾಬೂನು ನೀರು, ತೆಂಗಿನ ನಾರು ಸಾಕು.

– ನಿವೃತ್ತ ರೈಲ್ವೆ ಟ್ರ್ಯಾಕ್‌ಮನ್, ಕಲಬುರಗಿ