ಊಟದ ಬಗ್ಗೆ ನೀನು ಕೇಳಿದ್ದಕ್ಕೆ

ಪ್ರೀತಿಯ ಮಗಳೇ,

ಎರಡನೇ ಮಾತ್ರೆಯಿಂದಲೂ ಗುಣ ಕಾಣಲಿಲ್ಲ ಅಂದೆಯಲ್ಲ, ಅವತ್ತಿನಿಂದ ಅದೇ ಯೋಚನೆ. ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ದಿನ, ಎರಡು ಬಗೆಯ ಮಾತ್ರೆ ತೆಗೆದುಕೊಂಡರೂ ಇಳಿಯದ ಖಿನ್ನತೆಯನ್ನು ಡಾಕ್ಟರುಗಳು ಬೇರೆಯಾಗಿಯೇ ನೋಡುತ್ತಾರೆ. ನಿನ್ನ ಮನೋಬಲಕ್ಕೂ ಇದಕ್ಕೂ ಸಂಬಂಧವಿಲ್ಲ.

ಊಟ ಬದಲಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೆ. ಪ್ರಯತ್ನ ಮಾಡಬಹುದು ಅಂತಲೇ ನನಗನ್ನಿಸುತ್ತದೆ. ಆಸ್ಟ್ರೇಲಿಯಾದ ಫೆಲಿಸ್ ಜಾಕಾ ಅವರ ತಂಡ 2017ರಲ್ಲಿ 'ಸ್ಮೈಲ್ಸ್' ಎಂಬ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಖಿನ್ನತೆಯಿದ್ದ 67 ಜನ, 12 ವಾರ. ಒಂದು ಗುಂಪಿಗೆ ಆಹಾರತಜ್ಞರ ನೆರವು: ತರಕಾರಿ, ಹಣ್ಣು, ಕಾಳು, ತವುಡು ತೆಗೆಯದ ಧಾನ್ಯ, ಮೀನು, ಆಲಿವ್ ಎಣ್ಣೆ ಜಾಸ್ತಿ, ಸಿಹಿ, ಕರಿದದ್ದು ಕಡಿಮೆ. ಇನ್ನೊಂದು ಗುಂಪಿಗೆ ಅಷ್ಟೇ ಸಲ ಆತ್ಮೀಯ ಮಾತುಕತೆ. ಮೊದಲ ಗುಂಪಿನಲ್ಲಿ ಸುಮಾರು 32% ಜನರ ಖಿನ್ನತೆ ಹೆಚ್ಚುಕಡಿಮೆ ಪೂರ್ತಿ ಇಳಿಯಿತು, ಎರಡನೆಯದರಲ್ಲಿ 8%. ಓದಿ ಖುಷಿಯಾಯಿತು. ಆದರೆ ಪ್ರಯೋಗ ಚಿಕ್ಕದು. ಸೇರಿದವರು ಮೊದಲು ಸರಿಯಾಗಿ ಊಟ ಮಾಡದೇ ಇದ್ದವರು. ಬಹಳಷ್ಟು ಜನ ಮಾತ್ರೆಯನ್ನೋ ಕೌನ್ಸೆಲಿಂಗನ್ನೋ ಪಡೆಯುತ್ತಲೇ ಇದ್ದರು. ಹಾಗಾಗಿ ಊಟದ ನಂಬಿಕೆಯ ಮೇಲೆ ಮಾತ್ರೆ ಮಾತ್ರ ನಿಲ್ಲಿಸಬೇಡ.

ಕೀಟೋ ಅಂದರೆ ಅನ್ನ, ರೊಟ್ಟಿ, ಸಿಹಿ ತೀರಾ ಕಡಿಮೆ ಮಾಡಿ ಕೊಬ್ಬು ಜಾಸ್ತಿ ತಿನ್ನುವ ಪಥ್ಯ. ಅದರ ಬಗ್ಗೆ ನನಗೆ ಭಯ ಜಾಸ್ತಿ. ಮೂರ್ಛೆರೋಗಕ್ಕೆ ಆ ಪಥ್ಯ 1920ರ ದಶಕದಿಂದ ಬಳಕೆಯಲ್ಲಿದೆ, ಖಿನ್ನತೆಗೂ ಈಗ ಪರೀಕ್ಷಿಸುತ್ತಿದ್ದಾರೆ. ಅದನ್ನು ಶುರು ಮಾಡಿದಾಗ ದೇಹದಿಂದ ನೀರು, ಉಪ್ಪು ಬೇಗ ಹೋಗುತ್ತದೆ. ಮನಸ್ಸಿನ ಏರಿಳಿತ ತಡೆಯಲು ಕೊಡುವ ಲಿಥಿಯಂ ಔಷಧಿ ತೆಗೆದುಕೊಳ್ಳುವವರಿಗೆ ಇದರಿಂದ ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಡಾಕ್ಟರಿಗೆ ಹೇಳದೆ ಸುಮ್ನೆ ಶುರು ಮಾಡಬೇಡ, ದಯವಿಟ್ಟು.

ಇನ್ನೊಂದು ಮಾತು. ಹಾಸಿಗೆಯಿಂದ ಏಳಲೂ ಆಗದ ದಿನ ಏನು ಸೇರುತ್ತದೋ ಅದನ್ನೇ ತಿನ್ನು. ಅವತ್ತು ಪಟ್ಟಿ ನೋಡಬೇಡ. ಪಥ್ಯ ತಪ್ಪಿತು ಅಂತ ನಿನ್ನನ್ನು ನೀನೇ ಬೈದುಕೊಳ್ಳುವುದಾದರೆ ಆ ಪಥ್ಯವೇ ಬೇಡ ಕಂದ.

ಬಿ12, ಥೈರಾಯ್ಡ್, ಕಬ್ಬಿಣದ ಅಂಶ ನೋಡಲು ರಕ್ತಪರೀಕ್ಷೆ ಮಾಡಿಸಿದ್ದಾರಾ ಅಂತ ಡಾಕ್ಟರನ್ನು ಕೇಳು. ಇವು ಕಡಿಮೆಯಿದ್ದರೂ ಸುಸ್ತು, ಬೇಸರ ಬಿಡುವುದಿಲ್ಲ. ಮಾತ್ರೆಗೆ ಬಗ್ಗದ ಖಿನ್ನತೆಗೆ ಕೊಡುವ ಕೆಟಮಿನ್ ಔಷಧಿ, ಅರಿವಳಿಕೆ ಕೊಟ್ಟು ಮೆದುಳಿಗೆ ಸ್ವಲ್ಪ ವಿದ್ಯುತ್ ಹಾಯಿಸುವ ಇಸಿಟಿ ಚಿಕಿತ್ಸೆ, ಇಂಥ ದಾರಿಗಳ ಬಗ್ಗೆಯೂ ಕೇಳು. ನೀನು ಒಪ್ಪಿದರೆ ನಾನೂ ಜೊತೆಗೆ ಬರುತ್ತೇನೆ. ಬದುಕೇ ಬೇಡ ಅನ್ನಿಸಿದರೆ ಮಾತ್ರ ಡಾಕ್ಟರ್ ಭೇಟಿಯ ದಿನಕ್ಕೆ ಕಾಯಬೇಡ. ಎಷ್ಟು ಹೊತ್ತಾಗಿದ್ದರೂ ತಕ್ಷಣ ನನಗೆ ಫೋನ್ ಮಾಡು.

ನಿನ್ನ ಅಮ್ಮ