ಮಗನ ಪ್ರಾಜೆಕ್ಟ್ ಮಾಡಿದ್ದು ನಾನು: ಶಾಸಕರಿಗೊಂದು ಬಹಿರಂಗ ಪತ್ರ

ಶಾಸಕ ಸಾಹೇಬರೇ, ಶರಣು.

ನಾನು ಕಲಬುರಗಿಯ ಕಪನೂರ ಕಡೆ ಸಣ್ಣ ಲೇತ್ ಅಂಗಡಿ ಇಟ್ಟುಕೊಂಡವನು. ದಾಲ್ ಮಿಲ್ಲುಗಳ ಶಾಫ್ಟು, ಬುಷ್ಷು, ಪುಲ್ಲಿಯೇ ನನ್ನ ಅನ್ನ. ತೊಗರಿ ಸೀಜನ್ ಶುರುವಾದರೆ ರಾತ್ರಿ ಹನ್ನೊಂದಾದರೂ ಶಟರ್ ಇಳಿಸಲ್ಲ. ಮಗ ನನ್ನ ಹಾಗೆ ಬರೀ ಅಂದಾಜಿನ ಮೇಲೆ ಬದುಕಬಾರದು, ಡ್ರಾಯಿಂಗ್ ಓದಿ ಕೆಲಸ ಮಾಡಲಿ ಅಂತ ಐಟಿಐ ಮಷಿನಿಸ್ಟ್ ಟ್ರೇಡಿಗೆ ಹಾಕಿದೆ. ಈಗ ಎರಡನೇ ವರ್ಷವೂ ಮುಗಿಯುತ್ತಾ ಬಂತು.

ಹೋದ ತಿಂಗಳು ಒಬ್ಬರು ಬಂದು ಭಾರ ಎತ್ತೋ ಒಂದು ಸ್ಕ್ರೂ ಜಾಕ್ ಬೇಕು, ಅರ್ಜೆಂಟು ಅಂದರು. ಅದರ ಸ್ಕ್ರೂಗೆ ಚೌಕದ ಮರೆ, ಅಂದರೆ ಸ್ಕ್ವೇರ್ ಥ್ರೆಡ್, ಹಾಕೋದು ಅವಸರಕ್ಕೆ ಬರುವ ಕೆಲಸ ಅಲ್ಲ. ಟೂಲ್ ನಾನೇ ಉಜ್ಜಿಕೊಂಡು, ಸ್ವಲ್ಪ ಸ್ವಲ್ಪವೇ ಕಟ್ ಕೊಟ್ಟು ಎರಡು ದಿನ ನಿಂತು ಮಾಡಿದೆ. ಕೈ ಜಾರದಿರಲಿ ಅಂತ ಜಾಕಿನ ತಲೆಗೆ ಗೆರೆ ಹಾಕುವಾಗ, ಅಂದರೆ ನರ್ಲಿಂಗ್ ಮಾಡುವಾಗ, ಒಂದು ಕಡೆ ಡಬಲ್ ಗೆರೆ ಬಿತ್ತು. 1,800 ರೂಪಾಯಿ ಎಣಿಸಿಕೊಂಡೆ.

ವಾರದ ಮೇಲೆ ಮಗ ಮೊಬೈಲ್ ತೋರಿಸಿದ. 'ಅಪ್ಪಾ, ನಮ್ಮ ಗ್ರೂಪ್ ಪ್ರಾಜೆಕ್ಟ್ ನೋಡು.' ಆರು ಹುಡುಗರು, ನಡುವೆ ಟೇಬಲ್ ಮೇಲೆ ನೀಲಿ ಬಣ್ಣ ಬಳಿದ ಜಾಕ್. ಫೋಟೋ ದೊಡ್ಡದು ಮಾಡಿ ನೋಡಿದೆ. ಅದೇ ಡಬಲ್ ಗೆರೆ!

ಪ್ರಾಜೆಕ್ಟಿಗೆ ಅಂತ ಆರೂ ಹುಡುಗರ ಹತ್ತಿರ ತಲಾ 500 ವಸೂಲಿ ಮಾಡಿದ್ದರಂತೆ. ಅಂದರೆ ನನಗೆ ಬಂದ ದುಡ್ಡಿನಲ್ಲಿ ನನ್ನ ದುಡ್ಡೂ ಇತ್ತು. ಉಳಿದ 1,200 ನೀಲಿ ಬಣ್ಣಕ್ಕೆ ಖರ್ಚಾಗಿರಬೇಕು, ಬಹಳ ದುಬಾರಿ ಬಣ್ಣ. ಮಾರ್ಕ್ಸ್ ಹುಡುಗರಿಗೆ ಬಿತ್ತು. ನನಗೂ ಒಂದು ಸರ್ಟಿಫಿಕೇಟ್ ಕೊಡಿಸಿ ಸಾಹೇಬರೇ, ನಾನು ಏಳನೇ ಕ್ಲಾಸಿಗೇ ಬಿಟ್ಟವನು.

ಮಗನಿಗೆ ಬೈಯೋಕೂ ಮನಸ್ಸು ಬರಲಿಲ್ಲ. ಮಿಲ್ಲಿಂಗಿನಲ್ಲಿ 32 ಹಲ್ಲಿನ ಗೇರ್ ಕಟ್ ಮಾಡೋಕೆ ಒಂದೊಂದು ಹಲ್ಲಿಗೆ ಇಂಡೆಕ್ಸಿಂಗ್ ಹ್ಯಾಂಡಲ್ ಎಷ್ಟು ಸುತ್ತು ತಿರುಗಿಸಬೇಕು ಅಂತ ಕೇಳಿದೆ. 'ನಲವತ್ತು ಭಾಗಿಸು ಮೂವತ್ತೆರಡು, ಒಂದೂಕಾಲು' ಅಂತ ಥಟ್ಟನೆ ಹೇಳಿದ. ಸರಿಯಾಗಿಯೇ ಹೇಳಿದ, ಹ್ಯಾಂಡಲ್ ನಲವತ್ತು ಸುತ್ತಿದರೆ ಗೇರ್ ಒಂದು ಸುತ್ತು. ಎಂದಾದರೂ ತಿರುಗಿಸಿದ್ದೀಯಾ ಅಂದೆ. ತಲೆ ತಗ್ಗಿಸಿದ. ಮಷಿನ್ ಇದೆಯಂತೆ, ಕಟರ್ ಇಲ್ಲವಂತೆ.

ಐಟಿಐ ನಿಯಮ ನಿಮಗೆ ಗೊತ್ತೇ ಇದೆ. ವರ್ಷಕ್ಕೆ 150 ಗಂಟೆ ಹತ್ತಿರದ ಕಾರ್ಖಾನೆಯಲ್ಲಿ ಕಲಿಸಬೇಕು, ಅದು ಆಗದಿದ್ದರೆ ಗ್ರೂಪ್ ಪ್ರಾಜೆಕ್ಟ್ ಕಡ್ಡಾಯ. ಪ್ರಾಕ್ಟಿಕಲ್ಲೇ ವರ್ಷಕ್ಕೆ 840 ಗಂಟೆ. ಇದನ್ನು ನಿಮಗೆ ನಾನು ಹೇಳಬೇಕಾ?

ಕೇಳೋದು ಒಂದೇ. ಹುಡುಗರ ಕೈಗೆ ಕಬ್ಬಿಣ ಕೊಡಿಸಿ. ರಾಡು, ಕಟರ್ರು, ಟೂಲ್ ಬಿಟ್ ಕೊಡಿಸಿ. ಪ್ರಾಜೆಕ್ಟ್ ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಯಾವ ದಾಲ್ ಮಿಲ್ಲಿಗೆ ಹೋದರೂ ಸವೆದ ಬುಷ್ ಸಿಗುತ್ತದೆ. ಹುಡುಗರೇ ಅಳತೆ ತೆಗೆಯಲಿ, ಡ್ರಾಯಿಂಗ್ ಬರೆಯಲಿ, ಮಾಡಿ ಕೂಡಿಸಲಿ. ನಾಲ್ಕು ಕೆಡಲಿ, ಐದನೆಯದು ಕೂರುತ್ತದೆ. ನಾನು ಕಲಿತದ್ದೂ ಕೆಡಿಸಿಯೇ, ನಮ್ಮ ಉಸ್ತಾದರ ಕೈಯಲ್ಲಿ ಏಟೂ ತಿಂದಿದ್ದೇನೆ.

ಸಂವಿಧಾನದ 371(ಜೆ) ಇದೆ, ನಮ್ಮ ಹುಡುಗರಿಗೆ ನೌಕರಿಯಲ್ಲಿ ಮೀಸಲು ಇದೆ ಅಂತ ಭಾಷಣಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಮೀಸಲಾತಿ ಬಾಗಿಲವರೆಗೆ ಕರಕೊಂಡು ಹೋಗುತ್ತದೆ. ಒಳಗೆ ಹೋದಮೇಲೆ ಮೈಕ್ರೋಮೀಟರ್ ಕೈಗೆ ಕೊಟ್ಟರೆ ಏನು ಮಾಡಲಿ ಅವನು? ಕಬ್ಬಿಣ ಕೊಡಿಸಿ ಸಾಹೇಬರೇ.

ಆ ಜಾಕ್ ಈಗ ಐಟಿಐನ ಗಾಜಿನ ಕಪಾಟಿನಲ್ಲಿದೆಯಂತೆ. ನನ್ನ 1,800 ವಾಪಸ್ ಕೊಡುತ್ತೇನೆ, ಜಾಕ್ ವಾಪಸ್ ಕೊಡಿಸಿ. ಕಪಾಟು ಖಾಲಿ ಇರಲಿ, ಹುಡುಗರು ಮಾಡಿ ಇಡುತ್ತಾರೆ.

ಇಂತಿ,
ಕಪನೂರದ ಒಬ್ಬ ಲೇತ್ ಕೆಲಸಗಾರ